ಧ್ವಜಾರೋಹಣಕ್ಕೆ ಮುನ್ನ ಇಪ್ಪತ್ತು ನಿಮಿಷ: ಊರಿನ ಯೋಧರ ಸ್ಮರಣೆಯನ್ನು ಏರ್ಪಡಿಸುವ ಬಗೆ

ಆಗಸ್ಟ್ 15ರ ಬೆಳಿಗ್ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಯಾವ ಹಳ್ಳಿಗೆ ಹೋದರೂ ಕಾರ್ಯಕ್ರಮದ ಕ್ರಮ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಜಿಟಿಜಿಟಿ ಮಳೆಯಲ್ಲಿ ಮಕ್ಕಳ ಪ್ರಭಾತ ಫೇರಿ ಓಣಿ ಓಣಿ ಸುತ್ತಿ ಬರುತ್ತದೆ, ಪಂಚಾಯಿತಿ ಕಟ್ಟೆಯ ಮೇಲೆ ಧ್ವಜ ಏರುತ್ತದೆ, ನಾಲ್ಕಾರು ಭಾಷಣಗಳಾಗುತ್ತವೆ, ಬೂಂದಿ ಹಂಚಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಗಡಿಯಲ್ಲಿ ಪ್ರಾಣ ಬಿಟ್ಟ ಆ ಊರಿನ ಹುಡುಗ ಮುಖ್ಯ ಅತಿಥಿಯ ಭಾಷಣದಲ್ಲಿ ಒಂದು ವಾಕ್ಯವಾಗಿ ಬಂದು ಹೋಗುತ್ತಾನೆ, ಅದೂ ಹಲವು ಸಲ ‘ನಮ್ಮ ವೀರ ಯೋಧರು’ ಎಂಬ ಬಹುವಚನದಲ್ಲಿ, ಹೆಸರಿಲ್ಲದೆ.

ಆ ಹೆಸರನ್ನು ಸರಿಯಾಗಿ, ಪೂರ್ತಿಯಾಗಿ, ಅವನ ಮನೆಯವರ ಎದುರಿಗೆ ಹೇಳುವ ಇಪ್ಪತ್ತು ನಿಮಿಷಗಳ ಸ್ಮರಣೆಯನ್ನು ಹೇಗೆ ಏರ್ಪಡಿಸಬೇಕೆಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಗ್ರಾಮ ಪಂಚಾಯಿತಿ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಯುವಕ ಮಂಡಳ, ಹಳೆಯ ವಿದ್ಯಾರ್ಥಿಗಳ ಬಳಗ, ಯಾರು ಬೇಕಾದರೂ ಮುಂದೆ ನಿಂತು ಇದನ್ನು ಮಾಡಬಹುದು. ದುಡ್ಡು ಹೆಚ್ಚು ಬೇಡ, ಆದರೆ ಒಂದು ತಿಂಗಳ ಕಾಲಾವಕಾಶ ಬೇಕು. ಜುಲೈ ಮಧ್ಯದಲ್ಲಿ ಕೆಲಸ ಆರಂಭಿಸಿದರೆ ಅವಸರವಾಗುವುದಿಲ್ಲ.

ಮೊದಲ ಹಂತ: ಹೆಸರುಗಳ ಪಟ್ಟಿ

ಶಾಮಿಯಾನ, ಮೈಕ್ ಸೆಟ್, ಹಾರಗಳ ಮಾತೆಲ್ಲ ಆಮೇಲೆ ಬರಲಿ. ಮೊದಲು ಒಂದು ನೋಟ್‌ಬುಕ್ ಹಿಡಿದುಕೊಂಡು ಊರಿನಿಂದ ಸೈನ್ಯಕ್ಕೆ ಹೋಗಿ ಮರಳದವರ ಪಟ್ಟಿಯನ್ನು ಮಾಡಬೇಕು. ಊರಿಗೆಲ್ಲ ಗೊತ್ತಿರುವ ಹೆಸರನ್ನು ಬರೆದುಕೊಳ್ಳುವುದು ಏನು ಮಹಾ ಕೆಲಸ ಎಂದು ಅನ್ನಿಸಬಹುದು. ಒಂದು ಕಾಲಕ್ಕೆ ನನಗೂ ಹಾಗೆಯೇ ಅನ್ನಿಸಿತ್ತು. ಕೆಲವು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾವು ಅವಸರದಲ್ಲಿ ಫ್ಲೆಕ್ಸ್ ಮಾಡಿಸಿ, ಯೋಧನ ಭಾವಚಿತ್ರದ ಕೆಳಗೆ ಅವರ ತಮ್ಮನ ಹೆಸರನ್ನು ಅಚ್ಚು ಹಾಕಿಸಿಬಿಟ್ಟಿದ್ದೆವು. ಕಾರ್ಯಕ್ರಮ ನಡೆಯುತ್ತಿರುವಾಗಲೇ ಅವರ ತಾಯಿ ಮೆಲ್ಲಗೆ, ‘ಆ ಹೆಸರಿನವ ಇಲ್ಲೇ ಕುಂತಾನ್ರೀ, ಹೋದವ ದೊಡ್ಡಾವ’ ಎಂದರು. ಆ ತಾಯಿಗೆ ಸಿಟ್ಟು ಬಂದಿರಲಿಲ್ಲ, ಅದೇ ನಮಗೆ ಹೆಚ್ಚು ನೋವಿನ ವಿಷಯವಾಯಿತು. ಅಂದಿನಿಂದ ನಾನು ಯಾವ ಹೆಸರನ್ನೂ ಕಾಗದಪತ್ರ ನೋಡದೆ ಬರೆಯುವುದಿಲ್ಲ.

ಪ್ರತಿಯೊಬ್ಬರಿಗೂ ಈ ವಿವರಗಳನ್ನು ಸಂಗ್ರಹಿಸಬೇಕು: ಯೋಧನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುದ್ದೆ, ರೆಜಿಮೆಂಟ್ ಅಥವಾ ಪಡೆ, ಮಡಿದ ದಿನಾಂಕ, ಸ್ಥಳ ಮತ್ತು ಕಾರಣ. ಮನೆಯವರ ಬಳಿ ಇರುವ ಸೇನೆಯ ಪತ್ರಗಳಲ್ಲಿ ಇವೆಲ್ಲವೂ ಸಿಗುತ್ತವೆ. ಹುದ್ದೆಯ ವಿಷಯದಲ್ಲಿ ನಮ್ಮ ಕಡೆ ಒಂದು ವಿಚಿತ್ರ ಗೊಂದಲವಿದೆ: ನಾಯಕ ಎಂಬುದು ಇಲ್ಲಿ ಅಡ್ಡಹೆಸರೂ ಆಗಿರುವುದರಿಂದ, ‘ಲ್ಯಾನ್ಸ್ ನಾಯಕ್’ ಎಂಬ ಹುದ್ದೆಯನ್ನು ಹೆಸರಿನ ಭಾಗವೆಂದು ತಿಳಿದು ಹೆಸರಿನ ಕೊನೆಗೆ ಜೋಡಿಸಿದ ಫಲಕಗಳನ್ನು ನಾನು ನೋಡಿದ್ದೇನೆ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್ ಎಂಬ ಏರಿಕೆಯ ಕ್ರಮವನ್ನು ನಿರೂಪಣೆ ಮಾಡುವವರಿಗೆ ಮೊದಲೇ ಬರೆದು ಕೊಡುವುದು ಒಳ್ಳೆಯದು.

ಪತ್ರಗಳು ಕಳೆದುಹೋಗಿದ್ದರೆ, ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಪಂಚಾಯಿತಿಯ ಪತ್ರದೊಂದಿಗೆ ಹೋಗಿ ವಿಚಾರಿಸಬೇಕು. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದ ಗೋಡೆಗಳಲ್ಲಿ, ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಗ್ರಾನೈಟ್ ಹಲಗೆಗಳ ಮೇಲೆ ಕೆತ್ತಲಾಗಿದೆ. ಆ ಸ್ಮಾರಕದ ಜಾಲತಾಣದಲ್ಲಿಯೂ ಹೆಸರನ್ನು ಹುಡುಕಬಹುದು. ಆದರೆ ಆ ಸ್ಮಾರಕ ಸೇನೆ, ನೌಕಾಪಡೆ ಮತ್ತು ವಾಯುಪಡೆಗಳಿಗೆ ಸೇರಿದ್ದು. ನಿಮ್ಮ ಊರಿನವರು ಸಿಆರ್‌ಪಿಎಫ್‌ನಲ್ಲಿಯೋ ಬಿಎಸ್‌ಎಫ್‌ನಲ್ಲಿಯೋ ಇದ್ದರೆ ಅಲ್ಲಿ ಹೆಸರು ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಅವರಿಗಾಗಿ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕವಿದೆ, ಮತ್ತು ನಿಮ್ಮ ಪಟ್ಟಿಯಲ್ಲಿ ಅವರಿಗೂ ಅಷ್ಟೇ ಸ್ಥಾನವಿರಬೇಕು.

ಎರಡು ಮಹಾಯುದ್ಧಗಳಿಗೆ ಹೋದವರ ಹೆಸರು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದ್ದರೆ, ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ (ಆ ಯುದ್ಧಗಳಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಸಂಸ್ಥೆ) ಜಾಲತಾಣದಲ್ಲಿ ಹುಡುಕಿ ನೋಡಿ. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಮರಾಠಾ ಪಲ್ಟಣಗಳ ಪಟ್ಟಿಯನ್ನು ಮೊದಲು ನೋಡಬೇಕು. ಊರಿನ ಹೆಸರುಗಳು ಇಂಗ್ಲಿಷರ ಕಿವಿಗೆ ಬಿದ್ದಂತೆ ‘ಧಾರವಾರ್’, ‘ಹುಬ್ಲಿ’ ಎಂದು ದಾಖಲಾಗಿರುವುದರಿಂದ ನಾಲ್ಕೈದು ಬಗೆಯ ಕಾಗುಣಿತಗಳಲ್ಲಿ ಹುಡುಕುವ ತಾಳ್ಮೆ ಬೇಕು.

ಕಾರಣವನ್ನು ಬರೆಯುವಾಗ ಸತ್ಯಕ್ಕೆ ಬಣ್ಣ ಹಚ್ಚಬಾರದು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ವಿಷಯ ಇಡೀ ನಾಡಿಗೆ ಗೊತ್ತಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿಯ ಮೇಲೆ ಹಿಮ ಕುಸಿಯಿತು. ಆರು ದಿನಗಳ ನಂತರ ಹಿಮದಡಿಯಿಂದ ಜೀವಂತವಾಗಿ ಸಿಕ್ಕ ಅವರು ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಹಾಗೆಂದು ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಅಂತಿಮ ದರ್ಶನಕ್ಕಾಗಿ ಬಂದ ಜನ ಕಡಿಮೆಯಾಗಲಿಲ್ಲ. ಹಿಮಕುಸಿತ, ವಾಹನ ಅಪಘಾತ, ಎತ್ತರದ ಪ್ರದೇಶದಲ್ಲಿ ಬಂದ ಹೃದಯಾಘಾತ ಇವುಗಳಿಂದ ಮಡಿದವರನ್ನು ‘ಕರ್ತವ್ಯದಲ್ಲಿದ್ದಾಗ ಮಡಿದರು’ ಎಂದು ನೇರವಾಗಿ ಬರೆದರೆ ಸಾಕು. ‘ವೈರಿಗಳೊಡನೆ ಹೋರಾಡುತ್ತ’ ಎಂದು ಸೇರಿಸುವ ಅಗತ್ಯವಿಲ್ಲ. ‘ಹುತಾತ್ಮ’ ಎಂಬ ಪದ ಪತ್ರಿಕೆಗಳಲ್ಲಿ ರೂಢಿಯಾಗಿದೆ, ಮನೆಯವರು ಬಯಸಿದರೆ ಬಳಸಬಹುದು.

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದಾಗ ಅಲ್ಲಿರುವ ವೀರಗಲ್ಲುಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವಿರುತ್ತದೆ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ, ಮೇಲೆ ಸೂರ್ಯಚಂದ್ರರ ಕೆಳಗೆ ಅವನು ಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಶಾಸನವಿರುವ ಕಲ್ಲುಗಳಲ್ಲಿ ವೀರ ಯಾರು, ಯಾರ ಮಗ, ಯಾವ ಊರಿಗಾಗಿ ಅಥವಾ ಯಾರ ತುರುಗಳಿಗಾಗಿ ಕಾದಿ ಸತ್ತ, ಕಲ್ಲನ್ನು ನಿಲ್ಲಿಸಿದವರು ಯಾರು ಎಂಬುದನ್ನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತಾರೆ. ನಿಮ್ಮ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಸ್ವಾತಂತ್ರ್ಯ ಹೋರಾಟದಲ್ಲಿ ಮಡಿದವರನ್ನು ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ಜಿಲ್ಲೆಗಳಲ್ಲಿ ಬಂದೇ ಬರುತ್ತದೆ. ದಂಡಿ ಸತ್ಯಾಗ್ರಹದಲ್ಲಿ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಂದಿಗೆ ಗುಂಡಿಗೆ ಬಲಿಯಾದರು. 1942ರ ಚಳವಳಿಯಲ್ಲಿ ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿ ಪೊಲೀಸರ ಗುಂಡಿಗೆ ತುತ್ತಾದ. ನರಗುಂದದ ಬಾಬಾಸಾಹೇಬರನ್ನು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಇವರನ್ನು ಮತ್ತು ಸೈನಿಕರನ್ನು ಒಂದೇ ಪಟ್ಟಿಯಲ್ಲಿ ಬೆರೆಸದೆ, ಮೊದಲು ಹೋರಾಟಗಾರರ ಹೆಸರನ್ನು, ನಂತರ ಯೋಧರ ಹೆಸರನ್ನು ಬೇರೆ ಬೇರೆಯಾಗಿ ಓದುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಹಂತ: ಮನೆಗೆ ಹೋಗುವುದು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಆಮಂತ್ರಣ ಪತ್ರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಕುಟುಂಬದವರನ್ನು ಕರೆಯಬಾರದು. ಊರಿನ ಒಬ್ಬ ಹಿರಿಯರು, ಒಬ್ಬ ಹಿರಿಯ ಹೆಣ್ಣುಮಗಳು, ಸಾಧ್ಯವಾದರೆ ಒಬ್ಬ ನಿವೃತ್ತ ಸೈನಿಕರು ಕೂಡಿ, ಕನಿಷ್ಠ ಎರಡು ವಾರ ಮೊದಲು ಮನೆಗೆ ಹೋಗಬೇಕು. ಹೋದವರು ಕಾರ್ಯಕ್ರಮದ ಮಾತನ್ನು ತಕ್ಷಣ ತೆಗೆಯದೆ, ಚಹಾ ಕುಡಿದು, ಯೋಧನ ವಿಷಯವನ್ನು ಮನೆಯವರೇ ಎತ್ತುವವರೆಗೆ ಕಾಯುವುದು ಲೇಸು.

ಆಮೇಲೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಸ್ಮರಣೆ ಮಾಡುವುದಕ್ಕೆ ಅವರ ಒಪ್ಪಿಗೆ ಇದೆಯೇ? ಯಾವ ಭಾವಚಿತ್ರವನ್ನು ಇಡಬೇಕು? ಹೂವು, ದೀಪ, ಊದುಬತ್ತಿ ಇವುಗಳಲ್ಲಿ ಅವರ ಮನೆಯ ಆಚಾರಕ್ಕೆ ಒಗ್ಗದ್ದು ಏನಾದರೂ ಇದೆಯೇ? ಮನೆಯವರಲ್ಲಿ ಯಾರಾದರೂ ಮಾತನಾಡಲು ಬಯಸುತ್ತಾರೆಯೇ? ಒಪ್ಪಿಗೆ ಇಲ್ಲವೆಂದರೆ ಒತ್ತಾಯಿಸಬಾರದು. ಹೆಸರನ್ನು ಓದುವುದಕ್ಕಾದರೂ ಅನುಮತಿ ಕೇಳಿ, ಅಷ್ಟಕ್ಕೇ ನಿಲ್ಲಿಸಬೇಕು. ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಧ್ವಜವನ್ನು ಸೇನೆಯವರು ಕುಟುಂಬಕ್ಕೆ ಕೊಟ್ಟಿರುತ್ತಾರೆ. ಅದನ್ನು, ಸಮವಸ್ತ್ರವನ್ನು, ಪದಕಗಳನ್ನು ಪ್ರದರ್ಶನಕ್ಕೆ ತಂದುಕೊಡಿ ಎಂದು ಕೇಳಲೇಬಾರದು. ಅವರಾಗಿಯೇ ತಂದರೆ, ಮೇಜಿನ ಬಳಿ ಒಬ್ಬ ಜವಾಬ್ದಾರಿಯುತ ವ್ಯಕ್ತಿಯನ್ನು ಕಾವಲಿಗೆ ನಿಲ್ಲಿಸಿ.

ನಮ್ಮ ಭಾಗದಲ್ಲಿ ಗಂಡ ತೀರಿಕೊಂಡ ಹೆಣ್ಣುಮಕ್ಕಳನ್ನು ಆರತಿ, ಅರಿಶಿನ-ಕುಂಕುಮದ ಕ್ರಿಯೆಗಳಿಂದ ದೂರ ನಿಲ್ಲಿಸುವ ಪದ್ಧತಿ ಇನ್ನೂ ಹೋಗಿಲ್ಲ. ಗಣ್ಯರಿಗೆ ಆರತಿ ಬೆಳಗುವ ಮುತ್ತೈದೆಯರ ಸಾಲೊಂದು ಮುಂದೆ, ಯಾರ ಸಲುವಾಗಿ ಸಭೆ ಸೇರಿದೆಯೋ ಆ ಯೋಧನ ಪತ್ನಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಎಂಬ ದೃಶ್ಯವನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಇದಕ್ಕೆ ಸುಲಭವಾದ ಪರಿಹಾರವೆಂದರೆ ಆರತಿಯನ್ನು ಕಾರ್ಯಕ್ರಮದಿಂದ ಕೈಬಿಡುವುದು ಮತ್ತು ಮೊದಲ ಹೂವನ್ನು ಯೋಧನ ಪತ್ನಿ ಅಥವಾ ತಾಯಿಯಿಂದಲೇ ಇಡಿಸುವುದು. ಮೈಕಿನಲ್ಲಿ ‘ವಿಧವೆ’ ಎಂಬ ಪದ ಬರಬಾರದು. ‘ವೀರನಾರಿ’ ಎಂಬುದು ಸೇನೆಯಲ್ಲಿ ಬಳಕೆಯಲ್ಲಿದೆ. ಹೆಸರು ಹೇಳಿ ‘ಇಂಥವರ ಪತ್ನಿ’ ಎಂದರೂ ಸಾಕು. ಅವರು ಮರುಮದುವೆಯಾಗಿದ್ದರೆ ಏನು ಹೇಳಬೇಕು, ಹೇಳಬಾರದು ಎಂಬುದನ್ನು ಅವರನ್ನೇ ಕೇಳಿ.

ಪರಿಹಾರದ ಹಣದ ಕಾರಣಕ್ಕೆ ಯೋಧನ ತಂದೆತಾಯಿಗೂ ಸೊಸೆಗೂ ಮಾತು ನಿಂತಿರುವ ಮನೆಗಳಿವೆ. ಊರಿನವರಿಗೆ ಅದು ಗೊತ್ತಿರುತ್ತದೆ, ಆದರೂ ಒಂದೇ ಆಮಂತ್ರಣ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇಬ್ಬರನ್ನೂ ಬೇರೆ ಬೇರೆಯಾಗಿ ಹೋಗಿ ಕರೆಯಿರಿ, ಇಬ್ಬರಿಗೂ ಮುಂದಿನ ಸಾಲಿನಲ್ಲಿ ಜಾಗವಿಡಿ, ಇಬ್ಬರಿಗೂ ಹೂವು ಇಡುವ ಅವಕಾಶ ಕೊಡಿ. ವೇದಿಕೆಯ ಮೇಲೆ ಅವರನ್ನು ಒಂದುಗೂಡಿಸುವ ಸಾಹಸಕ್ಕೆ ಮಾತ್ರ ಕೈ ಹಾಕಬೇಡಿ.

ಮೂರನೆಯ ಹಂತ: ಧ್ವಜದ ವಿಷಯ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಸ್ಥಾಪನೆಯಾದದ್ದು. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಮಾಣಕ್ಕೆ ಅನುಗುಣವಾದ ಖಾದಿ ಧ್ವಜಗಳಿಗೆ ದೇಶದಲ್ಲೇ ಹೆಸರಾದ ಸಂಸ್ಥೆ. ಧಾರವಾಡ ತಾಲ್ಲೂಕಿನ ಗರಗವೂ ಧ್ವಜದ ಖಾದಿ ಬಟ್ಟೆ ನೇಯುವ ಊರು. ಇಷ್ಟು ಹತ್ತಿರದಲ್ಲಿ ಇವುಗಳಿರುವಾಗ, ಸಂತೆಯಲ್ಲಿ ಅಳತೆ ತಪ್ಪಿದ, ಚಕ್ರ ಸೊಟ್ಟಗಿರುವ ಧ್ವಜವನ್ನು ಕೊಳ್ಳುವುದು ನಮ್ಮ ಜಿಲ್ಲೆಯವರಿಗೆ ಶೋಭೆಯಲ್ಲ. ಉದ್ದ ಮತ್ತು ಅಗಲದ ಪ್ರಮಾಣ 3:2 ಇರಬೇಕು, ಚಕ್ರದಲ್ಲಿ 24 ಅರೆಗಳಿರಬೇಕು. ಶಾಲೆಯ ಕಂಬಕ್ಕೆ 1350 ಮಿ.ಮೀ. ಉದ್ದ, 900 ಮಿ.ಮೀ. ಅಗಲದ ಧ್ವಜ ಸಾಮಾನ್ಯವಾಗಿ ಸಾಕಾಗುತ್ತದೆ.

ಸ್ಮರಣೆಯ ಕಾರ್ಯಕ್ರಮದಲ್ಲಿ ಆಗುವ ತಪ್ಪುಗಳು ಹೆಚ್ಚಾಗಿ ಭಕ್ತಿಯಿಂದಲೇ ಆಗುತ್ತವೆ. ಯೋಧನ ಭಾವಚಿತ್ರವಿರುವ ಮೇಜಿಗೆ ಧ್ವಜವನ್ನು ಹಾಸುವುದು, ಹೊಸ ಸ್ಮಾರಕದ ಮೇಲೆ ಧ್ವಜ ಮುಚ್ಚಿ ಅನಾವರಣ ಮಾಡುವುದು, ಮೆರವಣಿಗೆಯ ಟ್ರ್ಯಾಕ್ಟರಿನ ಮುಂಭಾಗಕ್ಕೆ ಹೊದಿಸುವುದು, ಇವೆಲ್ಲವೂ 2002ರ ಧ್ವಜ ಸಂಹಿತೆಗೆ ವಿರುದ್ಧ. ಧ್ವಜವನ್ನು ಹೊದಿಸುವುದಕ್ಕೆ ಅವಕಾಶವಿರುವುದು ಸರ್ಕಾರಿ, ಸೇನಾ ಮತ್ತು ಅರೆಸೇನಾ ಗೌರವದ ಅಂತ್ಯಕ್ರಿಯೆಯಲ್ಲಿ ಮಾತ್ರ. ಅಲ್ಲಿಯೂ ಅದನ್ನು ಸಮಾಧಿಗಿಳಿಸುವುದಿಲ್ಲ, ಚಿತೆಯಲ್ಲಿ ಸುಡುವುದಿಲ್ಲ. ಅನಾವರಣಕ್ಕೆ ಒಂದು ಬಿಳಿ ಬಟ್ಟೆ ಸಾಕು. ಏರಿಸುವ ಧ್ವಜದೊಳಗೆ ಹೂವಿನ ಪಕಳೆಗಳನ್ನು ಇಡುವುದಕ್ಕೆ ಅಡ್ಡಿಯಿಲ್ಲ.

ಮಡಿದವರ ಸ್ಮರಣೆಯೆಂದು ಧ್ವಜವನ್ನು ಅರ್ಧಕ್ಕೆ ಇಳಿಸಬೇಕೆಂದು ವಾದಿಸುವವರು ಪ್ರತಿ ಊರಿನಲ್ಲಿಯೂ ಒಬ್ಬರಿರುತ್ತಾರೆ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ, ಗಾಂಧಿ ಜಯಂತಿಗಳಂದು ಶೋಕವಿದ್ದರೂ ಧ್ವಜ ಪೂರ್ಣ ಎತ್ತರದಲ್ಲೇ ಹಾರಬೇಕೆಂಬುದು ನಿಯಮ. ಪಾರ್ಥಿವ ಶರೀರವಿರುವ ಕಟ್ಟಡಕ್ಕೆ ಮಾತ್ರ ಇದಕ್ಕೆ ವಿನಾಯಿತಿ ಉಂಟು, ಅದೂ ಶರೀರವನ್ನು ಹೊರಗೆ ಒಯ್ಯುವವರೆಗೆ.

ನಾಲ್ಕನೆಯ ಹಂತ: ಆ ಇಪ್ಪತ್ತು ನಿಮಿಷ

ಸ್ಮರಣೆಯನ್ನು ಧ್ವಜಾರೋಹಣಕ್ಕೆ ಮೊದಲು ಇಟ್ಟುಕೊಳ್ಳಿ. ದೆಹಲಿಯಲ್ಲಿ ಗಣರಾಜ್ಯ ದಿನದ ಪಥಸಂಚಲನಕ್ಕೆ ಮುನ್ನ ಪ್ರಧಾನಿಯವರು ಯುದ್ಧ ಸ್ಮಾರಕಕ್ಕೆ ಹೋಗಿ ಹೂಚಕ್ರ ಇಡುವುದು ಇದೇ ಕ್ರಮದಲ್ಲಿ. ಧ್ವಜ ಏರಿ, ಬೂಂದಿಯ ವಾಸನೆ ಹರಡಿದ ಮೇಲೆ ಮಕ್ಕಳನ್ನು ಮೌನವಾಗಿ ನಿಲ್ಲಿಸಲು ಯಾವ ಮಾಸ್ತರರಿಗೂ ಸಾಧ್ಯವಿಲ್ಲ.

ಶಾಲೆಯ ಧ್ವಜಾರೋಹಣ 8 ಗಂಟೆಗೆ ಇದ್ದರೆ 7.35ಕ್ಕೆ ಎಲ್ಲರೂ ಸೇರಬೇಕು. ಭಾವಚಿತ್ರಗಳನ್ನು ಮಳೆ ತಾಗದ ಪಡಸಾಲೆಯಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮೊದಲೇ ಇಟ್ಟಿರಬೇಕು. ನಿರೂಪಕರು ಸ್ವಾಗತ ಭಾಷಣವಿಲ್ಲದೆ ನೇರವಾಗಿ ಹೆಸರುಗಳನ್ನು ಓದಲಿ. ಒಂದೊಂದು ಹೆಸರಿನ ನಂತರವೂ ಉಸಿರು ಎಳೆದುಕೊಳ್ಳುವಷ್ಟು ಬಿಡುವು ಇರಲಿ. ಆ ಯೋಧ ಓದಿದ ಶಾಲೆಯಲ್ಲಿಯೇ ಸ್ಮರಣೆ ನಡೆಯುತ್ತಿದ್ದರೆ, ಏಳನೆಯ ತರಗತಿಯ ಒಬ್ಬ ಹುಡುಗಿಯಿಂದಲೋ ಹುಡುಗನಿಂದಲೋ ಓದಿಸಬಹುದು. ಹಾಗೆ ಮಾಡುವುದಾದರೆ ಮನೆಯವರ ಬಾಯಿಂದ ಉಚ್ಚಾರಣೆಯನ್ನು ಕೇಳಿಸಿ, ಹಿಂದಿನ ದಿನವೇ ಅಭ್ಯಾಸ ಮಾಡಿಸಬೇಕು.

ನಂತರ ಹೂವು. ಮೊದಲು ಕುಟುಂಬದವರು, ಆಮೇಲೆ ನಿವೃತ್ತ ಸೈನಿಕರು, ಆಮೇಲೆ ಪಂಚಾಯಿತಿಯ ಅಧ್ಯಕ್ಷರು ಮತ್ತು ಉಳಿದವರು. ಈ ಅನುಕ್ರಮವನ್ನು ಬರೆದು ಗಣ್ಯರಿಗೆ ಮೊದಲೇ ತಿಳಿಸದಿದ್ದರೆ ಆ ದಿನ ಅದು ತಲೆಕೆಳಗಾಗುವುದು ಖಂಡಿತ.

ಹೂವಿನ ಬಳಿಕ ಮೌನ. ಸೇನೆಯ ಪದ್ಧತಿಯಲ್ಲಿ ಕಹಳೆಯವರು ‘ಲಾಸ್ಟ್ ಪೋಸ್ಟ್’ ನುಡಿಸುತ್ತಾರೆ, ಎರಡು ನಿಮಿಷ ಮೌನವಿರುತ್ತದೆ, ‘ರೌಸ್’ ನುಡಿಸಿದಾಗ ಮೌನ ಮುಗಿಯುತ್ತದೆ. ಹಳ್ಳಿಯಲ್ಲಿ ಕಹಳೆಯವರು ಸಿಗುವುದು ಕಷ್ಟ. ಅದಕ್ಕೆ ಬದಲಾಗಿ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕುವುದು ಬೇಡ. ಶಾಲೆಯ ಗಂಟೆಯನ್ನು ಒಮ್ಮೆ ಬಾರಿಸಿ ಮೌನ ಆರಂಭಿಸಿ, ಮತ್ತೊಮ್ಮೆ ಬಾರಿಸಿ ಮುಗಿಸಿ. ಗಂಟೆ ಬಾರಿಸುವವರ ಕೈಯಲ್ಲಿ ಗಡಿಯಾರವಿರಲಿ, ಮೈಕ್ ಆರಿಸಿರಲಿ. ಇಪ್ಪತ್ತು ಸೆಕೆಂಡಿಗೇ ‘ಧನ್ಯವಾದಗಳು, ಕುಳಿತುಕೊಳ್ಳಿ’ ಎನ್ನುವ ನಿರೂಪಕರಿಂದ ದೇವರೇ ಕಾಪಾಡಬೇಕು. ಸಣ್ಣ ಮಕ್ಕಳಿದ್ದರೆ ಒಂದು ನಿಮಿಷ ಸಾಕು, ಆದರೆ ಆ ಒಂದು ನಿಮಿಷ ಪೂರ್ತಿ ಇರಲಿ.

ಮಾತನಾಡುವವರು ಒಬ್ಬರೇ ಇರಲಿ, ಐದು ನಿಮಿಷಕ್ಕೆ ಮೀರದಿರಲಿ. ಅವನ ಜೊತೆಗೆ ಕಬಡ್ಡಿ ಆಡಿದವರು, ಭರ್ತಿ ರ‍್ಯಾಲಿಗೆ ಬೆಳಗಾವಿಗೆ ಕೂಡಿ ಹೋದವರು, ಅವನಿಗೆ ಅಕ್ಷರ ಕಲಿಸಿದವರು ಇಂಥವರಲ್ಲಿ ಒಬ್ಬರು ಮಾತನಾಡಿದರೆ ಸಭೆ ಕೇಳುತ್ತದೆ. ಶಾಲು ಹೊದಿಸಿ ಸನ್ಮಾನ ಮಾಡುವುದು, ಚೆಕ್ಕಿನ ದೊಡ್ಡ ಪ್ರತಿಯನ್ನು ಎತ್ತಿ ಹಿಡಿದು ಫೋಟೊ ತೆಗೆಸುವುದು ಈ ಇಪ್ಪತ್ತು ನಿಮಿಷಗಳಲ್ಲಿ ಸೇರಬಾರದು. ಸಹಾಯ ಮಾಡಬೇಕೆಂದಿದ್ದರೆ ಮನೆಗೆ ಹೋಗಿ ಮಾಡಿ, ಅಥವಾ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕೊಟ್ಟು ರಸೀದಿ ಪಡೆಯಿರಿ.

ಐದನೆಯ ಹಂತ: ಫಲಕ ಅಥವಾ ಕಲ್ಲು

ಮೊದಲ ವರ್ಷವೇ ಸ್ಮಾರಕಕ್ಕೆ ಕೈ ಹಾಕಬೇಡಿ. ಒಂದೆರಡು ವರ್ಷ ಸ್ಮರಣೆ ತಪ್ಪದೆ ನಡೆದರೆ ಆಮೇಲೆ ಯೋಚಿಸಬಹುದು. ಆಗ ಗ್ರಾಮಸಭೆಯಲ್ಲಿ ಚರ್ಚಿಸಿ, ಪಂಚಾಯಿತಿಯಿಂದ ಠರಾವು ಪಾಸು ಮಾಡಿಸಿ, ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ಉತಾರದಲ್ಲಿ (ಜಾಗದ ಹಕ್ಕಿನ ದಾಖಲೆಯಲ್ಲಿ) ನೋಡಿಕೊಳ್ಳಬೇಕು. ರಸ್ತೆಯ ಅಂಚು ಮತ್ತು ಕೂಡುರಸ್ತೆಗಳು ಬೇಡ. ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆ ನಿಲ್ಲಿಸುವುದಕ್ಕೆ ಸುಪ್ರೀಂ ಕೋರ್ಟ್ 2013ರಲ್ಲಿಯೇ ತಡೆ ಹಾಕಿದೆ. ಶಾಲೆಯ ಆವರಣ ಎಲ್ಲಕ್ಕಿಂತ ಸೂಕ್ತ, ಏಕೆಂದರೆ ಅಲ್ಲಿ ದಿನವೂ ಕಸ ಗುಡಿಸುತ್ತಾರೆ.

ಪ್ರತಿಮೆಗಿಂತ ಕಲ್ಲು ಮೇಲು. ಸಿಮೆಂಟಿನ ಪ್ರತಿಮೆಯ ಮುಖ ಯೋಧನಿಗೆ ಹೋಲುವುದೇ ಅಪರೂಪ, ಎರಡು ಮಳೆಗಾಲಕ್ಕೆ ಬಣ್ಣ ಕಿತ್ತು ಬರುತ್ತದೆ, ಮತ್ತು ಅದನ್ನು ನೋಡಿ ನೊಂದುಕೊಳ್ಳುವವರು ಮನೆಯವರೇ. ಕರಿಗಲ್ಲಿನ ಮೇಲೆ ಆಳವಾಗಿ ಕೆತ್ತಿಸಿದ ಅಕ್ಷರಗಳು ಬಣ್ಣ ಹೋದರೂ ಓದಲು ಬರುತ್ತವೆ. ಎರೆ ಭೂಮಿಯಲ್ಲಿ ಬೇಸಿಗೆಗೆ ನೆಲ ಬಿರಿದು ಮಳೆಗೆ ಉಬ್ಬುವುದರಿಂದ ಅಡಿಪಾಯವನ್ನು ಗಟ್ಟಿ ನೆಲ ಸಿಗುವವರೆಗೆ ತೋಡಿಸಬೇಕು. ಇಲ್ಲದಿದ್ದರೆ ಕಲ್ಲು ಮೂರನೆಯ ವರ್ಷಕ್ಕೆ ವಾಲುತ್ತದೆ. ಕೆಳಗೆ ಇನ್ನಷ್ಟು ಹೆಸರುಗಳಿಗಾಗಿ ಜಾಗ ಬಿಡಬೇಕೇ ಎಂಬ ಪ್ರಶ್ನೆಯನ್ನು ಕಲ್ಲುಕುಟಿಗರು ಕೇಳಿಯೇ ಕೇಳುತ್ತಾರೆ. ಬೇಡವೆನ್ನಿ. ಹೊಸ ಹಲಗೆಯನ್ನು ಯಾವಾಗ ಬೇಕಾದರೂ ಜೋಡಿಸಬಹುದು, ಆದರೆ ಸೈನ್ಯದಲ್ಲಿರುವ ಮಕ್ಕಳ ತಾಯಂದಿರು ಆ ಖಾಲಿ ಜಾಗವನ್ನು ದಿನವೂ ನೋಡಬೇಕಾಗುತ್ತದೆ. ಕಲ್ಲನ್ನು ನಿಲ್ಲಿಸಿದವರ ಹೆಸರು ಬೇಕೇ ಬೇಕೆಂದರೆ ಹಿಂಬದಿಯಲ್ಲಿ, ಯೋಧನ ಹೆಸರಿಗಿಂತ ಸಣ್ಣ ಅಕ್ಷರಗಳಲ್ಲಿ ಇರಲಿ.

ಕಾರ್ಯಕ್ರಮದ ಮರುದಿನ

ಒಣಗಿದ ಹಾರಗಳನ್ನು ಅಂದು ಸಂಜೆಯೇ ತೆಗೆಯಿರಿ. ಮಕ್ಕಳ ಕೈಯಿಂದ ಬಿದ್ದ ಕಾಗದದ ಧ್ವಜಗಳನ್ನು ಆರಿಸಿಕೊಂಡು, ತುಳಿತಕ್ಕೆ ಸಿಗದಂತೆ ಖಾಸಗಿಯಾಗಿ, ಗೌರವದಿಂದ ವಿಲೇವಾರಿ ಮಾಡಬೇಕು. ಮಳೆಯಲ್ಲಿ ನೆನೆದ ಖಾದಿ ಧ್ವಜವನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಿಸಿಡದಿದ್ದರೆ ಜನವರಿ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಹೆಸರುಗಳ ಪಟ್ಟಿಯ ಒಂದು ಪ್ರತಿ ಶಾಲೆಯ ದಾಖಲೆಗಳಲ್ಲಿ, ಇನ್ನೊಂದು ಪಂಚಾಯಿತಿಯಲ್ಲಿ ಇರಲಿ. ಕಾರ್ಯದರ್ಶಿ ವರ್ಗವಾಗಿ ಹೋದರೂ, ಮುಖ್ಯಾಧ್ಯಾಪಕರು ನಿವೃತ್ತರಾದರೂ ಮುಂದಿನವರು ಮತ್ತೆ ಮೊದಲಿನಿಂದ ಮನೆ ಮನೆಗೆ ತಿರುಗಬೇಕಾಗುವುದಿಲ್ಲ.

ಪಟ್ಟಿಯಲ್ಲಿರುವ ಮಡಿದ ದಿನಾಂಕಗಳನ್ನು ಶಾಲೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಆ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬ ವಿದ್ಯಾರ್ಥಿ ಆ ಒಂದು ಹೆಸರನ್ನು ಓದಲಿ, ಗಂಟೆ ಒಮ್ಮೆ ಬಾರಿಸಲಿ, ನಂತರ ತರಗತಿಗಳು ಎಂದಿನಂತೆ ಆರಂಭವಾಗಲಿ. ಅದಕ್ಕೆ ಅತಿಥಿಗಳೂ ಬೇಡ, ಮೈಕೂ ಬೇಡ. ಮನೆಯವರಿಗೆ ಹಿಂದಿನ ದಿನ ಹೇಳಿ ಕಳಿಸಿದರೆ, ಬರಬೇಕೆನ್ನಿಸಿದವರು ಬಂದು ಬಾಗಿಲ ಬಳಿ ನಿಂತು ಕೇಳಿ ಹೋಗುತ್ತಾರೆ.